ಊರು ಕೋಳಿಯ ಮೊಟ್ಟೆ ಸಣ್ಣದಿದ್ದರೆ ಗುಣವೂ ಕಡಿಮೆಯೇ?

ಪ್ರಶ್ನೆ: ನಾಪೋಕ್ಲು ಕಡೆಯ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಮ್ಮದು ನಾಪೋಕ್ಲು ಸಮೀಪದ ಒಂದು ಸಣ್ಣ ಕಾಫಿ ತೋಟ. ಅತ್ತೆಯವರ ಕಾಲದಿಂದಲೂ ಮನೆಯಲ್ಲಿರುವ ಊರು ಕೋಳಿಗಳ ಸಂತತಿಯನ್ನೇ ಉಳಿಸಿಕೊಂಡು ಬಂದಿದ್ದೇವೆ. ಹಗಲೆಲ್ಲ ಅವು ತೋಟದ ತರಗೆಲೆ ಕೆದಕಿಕೊಂಡು, ಗೊಬ್ಬರದ ಗುಂಡಿಯ ಹುಳುಗಳನ್ನು ಹೆಕ್ಕಿಕೊಂಡು ತಿರುಗಾಡುತ್ತವೆ. ಸಂಜೆ ಗೂಡಿಗೆ ಬರುವ ಹೊತ್ತಿಗೆ ನುಚ್ಚಕ್ಕಿ, ತೌಡು ಹಾಗೂ ಅಡುಗೆಮನೆಯಲ್ಲಿ ಮಿಕ್ಕಿದ್ದನ್ನು ಹಾಕುತ್ತೇವೆ. ಫಾರಂ ಕೋಳಿಗಳಿಗೆ ಕೊಡುವ ಲೇಯರ್ ಫೀಡನ್ನು ನಾವು ಕೊಡುವುದಿಲ್ಲ. ಮನೆಯವರು ಹಿಂದೊಮ್ಮೆ ಗಿರಿರಾಜ ಎಂಬ ಸುಧಾರಿತ ತಳಿಯ ಒಂದು ಹುಂಜವನ್ನು ತಂದು ಬಿಟ್ಟಿದ್ದರಿಂದ ಈಗ ಗುಂಪಿನಲ್ಲಿ ಕೆಲವು ಮಿಶ್ರ ತಳಿಯ ಹೇಂಟೆಗಳೂ ಇವೆ.

ಮನೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದ ಮೊಟ್ಟೆಗಳನ್ನು ನಾನು ಹತ್ತಿರದ ಒಂದು ಹೋಂಸ್ಟೇಗೆ ಕೊಡುತ್ತೇನೆ. ಅವರು ಈಚೆಗೆ ಬುಟ್ಟಿಯಿಂದ ಸಣ್ಣ ಮೊಟ್ಟೆಗಳನ್ನು ಬೇರೆ ತೆಗೆದು, "ಇದೇನು ಪಾರಿವಾಳದ ಮೊಟ್ಟೆಯ ಹಾಗಿದೆ, ಇದರಲ್ಲಿ ಸತ್ವವೇನಿರುತ್ತದೆ" ಎಂದು ಹಿಂದಕ್ಕೆ ಕಳುಹಿಸತೊಡಗಿದ್ದಾರೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆ. ಹೊಸದಾಗಿ ಮೊಟ್ಟೆಯಿಡಲು ಆರಂಭಿಸಿದ ಹೇಂಟೆಗಳ ಮೊಟ್ಟೆ 34–36 ಗ್ರಾಂ ಇದೆ, ಹಳೆಯ ಊರು ಹೇಂಟೆಗಳದ್ದು 40 ಗ್ರಾಂನ ಆಸುಪಾಸಿನಲ್ಲಿದೆ, ಮಿಶ್ರ ತಳಿಯವುಗಳದ್ದು 50 ಗ್ರಾಂ ದಾಟುತ್ತದೆ. ಮೂರೂ ಒಂದೇ ಅಂಗಳದಲ್ಲಿ ಮೇಯುವ, ಒಂದೇ ಮೇವು ತಿನ್ನುವ ಕೋಳಿಗಳು. ಹಾಗಿರುವಾಗ ಸಣ್ಣ ಮೊಟ್ಟೆಯ ಗುಣ ನಿಜವಾಗಿಯೂ ಕಡಿಮೆಯೇ? ಕಾವಿಗೆ ಇಡುವಾಗ ದೊಡ್ಡ ಮೊಟ್ಟೆಗಳನ್ನೇ ಆರಿಸಬೇಕೆಂದು ನೆರೆಯವರು ಹೇಳುತ್ತಾರೆ, ಅದೂ ಸರಿಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಪಶುವೈದ್ಯ, ಸೋಮವಾರಪೇಟೆ

ಹೋಂಸ್ಟೇಯವರು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿದಿದ್ದಾರೆ. ಮೊಟ್ಟೆಯ ಗಾತ್ರವನ್ನು ನಿರ್ಧರಿಸುವುದು ಮುಖ್ಯವಾಗಿ ಹೇಂಟೆಯ ತಳಿ, ಮೈತೂಕ, ವಯಸ್ಸು ಮತ್ತು ಮೇವು. ತಿನ್ನುವವರ ದೃಷ್ಟಿಯಿಂದ ಮೊಟ್ಟೆಯ ಗುಣವನ್ನು ನಿರ್ಧರಿಸುವುದು ಅದನ್ನು ಇಟ್ಟು ಎಷ್ಟು ದಿನವಾಯಿತು, ಎಂಥ ಜಾಗದಲ್ಲಿ ಕಾಪಿಡಲಾಗಿತ್ತು, ಇಟ್ಟ ಹೇಂಟೆ ಆರೋಗ್ಯವಾಗಿತ್ತೇ ಎಂಬ ಅಂಶಗಳು. ಈ ಎರಡು ಪಟ್ಟಿಗಳ ನಡುವೆ ಕೆಲವು ಕೊಂಡಿಗಳು ಇರುವುದು ನಿಜ, ಆದರೆ ದೊಡ್ಡದೆಲ್ಲ ಒಳ್ಳೆಯದು ಎಂದು ಹೇಳುವಷ್ಟು ಗಟ್ಟಿಯಾದವಲ್ಲ.

ಮೊದಲು ಒಳಗಿನ ಪಾಲು ಹೇಗಿರುತ್ತದೆ ಎಂಬುದನ್ನು ನೋಡೋಣ. ಸಾಮಾನ್ಯ ಮೊಟ್ಟೆಯೊಂದರಲ್ಲಿ ಸುಮಾರು 10 ಪ್ರತಿಶತ ಚಿಪ್ಪು, 60 ಪ್ರತಿಶತದ ಹತ್ತಿರ ಬಿಳಿ ಲೋಳೆ, 30 ಪ್ರತಿಶತದಷ್ಟು ಹಳದಿ ಇರುತ್ತದೆ. ಮೊಟ್ಟೆ ದೊಡ್ಡದಾಗುತ್ತಾ ಹೋದಂತೆ ಮೂರೂ ಹೆಚ್ಚುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಹೆಚ್ಚಿದ ತೂಕದ ಬಹುಪಾಲು ಬಿಳಿ ಲೋಳೆಯದು, ಮತ್ತು ಆ ಲೋಳೆಯಲ್ಲಿ ಸುಮಾರು 88 ಪ್ರತಿಶತ ನೀರೇ ಇರುತ್ತದೆ. ಹಳೆಯ ಊರು ಹೇಂಟೆಯ 40 ಗ್ರಾಂ ಮೊಟ್ಟೆಯಲ್ಲಿ 13 ಗ್ರಾಂನಷ್ಟು ಹಳದಿ ಸಿಕ್ಕಿದರೆ, ಅದಕ್ಕಿಂತ ಒಂದೂವರೆಪಟ್ಟು ತೂಗುವ 60 ಗ್ರಾಂನ ಫಾರಂ ಮೊಟ್ಟೆಯಲ್ಲಿ ಹಳದಿ ಸುಮಾರು 16–17 ಗ್ರಾಂ ಮಾತ್ರ ಇರುತ್ತದೆ. ಕೊಬ್ಬು, ಎ ಮತ್ತು ಡಿ ಜೀವಸತ್ವಗಳು, ಕಬ್ಬಿಣದ ಅಂಶದ ಬಹುಪಾಲು, ರುಚಿಯ ಹೆಚ್ಚಿನ ಭಾಗ ಎಲ್ಲವೂ ಹಳದಿಯಲ್ಲೇ ಇರುವುದರಿಂದ, ಒಂದೊಂದು ಗ್ರಾಂ ಲೆಕ್ಕದಲ್ಲಿ ನೋಡಿದರೆ ಊರು ಕೋಳಿಯ ಸಣ್ಣ ಮೊಟ್ಟೆ ಹಿಂದೆ ಬೀಳುವುದಿಲ್ಲ. ಒಂದು ಇಡೀ ಮೊಟ್ಟೆಗೆ ಇಷ್ಟು ಪ್ರೋಟೀನ್ ಎಂದು ಲೆಕ್ಕ ಹಾಕಿದಾಗ ದೊಡ್ಡ ಮೊಟ್ಟೆಯಲ್ಲಿ ಹೆಚ್ಚು ಸಿಗುತ್ತದೆ ಎಂಬುದನ್ನೂ ಅಲ್ಲಗಳೆಯುವಂತಿಲ್ಲ. ಅದು ತೂಕದ ಮಾತು, ಗುಣದ ಮಾತಲ್ಲ. ನೂರು ಗ್ರಾಂ ತಿನ್ನುವ ಭಾಗದಲ್ಲಿ ಎರಡರಲ್ಲೂ ಪ್ರೋಟೀನ್ 12–13 ಗ್ರಾಂನ ಆಸುಪಾಸಿನಲ್ಲೇ ಇರುತ್ತದೆ.

ಇನ್ನು ಗುಣವನ್ನು ಅಳೆಯುವ ಬಗೆ. ಮೊಟ್ಟೆಯನ್ನು ಚಪ್ಪಟೆಯಾದ ಗಾಜಿನ ಮೇಲೆ ಒಡೆದು, ಹಳದಿಯ ಸುತ್ತ ನಿಂತಿರುವ ಗಟ್ಟಿ ಲೋಳೆಯ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆಯುವ ಪದ್ಧತಿಯೊಂದಿದೆ. ಅಮೆರಿಕದ ರೇಮಂಡ್ ಹಾ ಎಂಬವರು 1937ರಲ್ಲಿ ಇದಕ್ಕೊಂದು ಸೂತ್ರ ರೂಪಿಸಿದರು. ಇಂದಿಗೂ ಕೋಳಿ ಸಾಕಣೆಯ ಪ್ರಯೋಗಾಲಯಗಳಲ್ಲಿ ಅದನ್ನು 'ಹಾ ಯೂನಿಟ್' ಎಂದೇ ಕರೆಯುತ್ತಾರೆ. ಆ ಸೂತ್ರದಲ್ಲಿ ಲೋಳೆಯ ಎತ್ತರದ ಜೊತೆಗೆ ಮೊಟ್ಟೆಯ ತೂಕವನ್ನೂ ಸೇರಿಸಿರುವುದು ನಿಮ್ಮ ಪ್ರಶ್ನೆಗೆ ತುಂಬ ಹತ್ತಿರದ ವಿಷಯ. ದೊಡ್ಡ ಮೊಟ್ಟೆಯಲ್ಲಿ ಲೋಳೆ ಹೆಚ್ಚಿರುವುದರಿಂದ ಅದರ ಎತ್ತರ ಸಹಜವಾಗಿಯೇ ಒಂದಿಷ್ಟು ಹೆಚ್ಚು ಕಾಣುತ್ತದೆ. ಆ ಅನುಕೂಲವನ್ನು ಕಳೆದು, ಸಣ್ಣದನ್ನೂ ದೊಡ್ಡದನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದಕ್ಕಾಗಿಯೇ ತೂಕದ ತಿದ್ದುಪಡಿ ಮಾಡಲಾಗಿದೆ. ಆ ದೇಶದ ವರ್ಗೀಕರಣದಲ್ಲಿ ಈ ಅಂಕ 72 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೊಟ್ಟೆ ಅತ್ಯುತ್ತಮ ದರ್ಜೆಯದು. ಗಾತ್ರದ ದರ್ಜೆಯನ್ನು ಅಲ್ಲಿ ಪ್ರತ್ಯೇಕವಾಗಿ ನಮೂದಿಸುತ್ತಾರೆ. ನಮ್ಮ ದೇಶದ ಅಗ್‌ಮಾರ್ಕ್ ಪದ್ಧತಿಯೂ ತೂಕದಿಂದ ಒಂದು ವಿಂಗಡಣೆ, ಚಿಪ್ಪು, ಗಾಳಿಗೂಡು (ಮೊಟ್ಟೆಯ ಮೊಂಡು ತುದಿಯೊಳಗೆ ಗಾಳಿ ತುಂಬಿರುವ ಜಾಗ), ಲೋಳೆ ಮತ್ತು ಹಳದಿಗಳ ಸ್ಥಿತಿಯಿಂದ ಇನ್ನೊಂದು ವಿಂಗಡಣೆ ಎಂದು ಎರಡನ್ನೂ ಬೇರೆಯಾಗಿಯೇ ಇಟ್ಟಿದೆ. ಅದರಂತೆ 60 ಗ್ರಾಂ ಮತ್ತು ಮೇಲ್ಪಟ್ಟವು ಅತಿ ದೊಡ್ಡವು, 53ರಿಂದ 59 ದೊಡ್ಡವು, 45ರಿಂದ 52 ಮಧ್ಯಮ, 38ರಿಂದ 44 ಸಣ್ಣವು. ನಿಮ್ಮ ಹೊಸ ಹೇಂಟೆಗಳ ಮೊಟ್ಟೆ ಈ ಪಟ್ಟಿಯ ಕೆಳಗಿನ ಅಂಚಿಗೂ ಬರುವುದಿಲ್ಲವೆಂಬುದು ನಿಜವಾದರೂ, ಅದರಿಂದ ಅದರ ಒಳಗುಣದ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ.

ಗುಣ ಕೆಡುವುದು ಕಾಲದಿಂದ ಮತ್ತು ಶಾಖದಿಂದ. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿರುತ್ತವೆ. ಅವುಗಳ ಮೂಲಕ ನೀರಿನ ಆವಿಯೂ ಇಂಗಾಲದ ಡೈಆಕ್ಸೈಡೂ ಹೊರಗೆ ಹೋಗುತ್ತಿರುತ್ತವೆ. ಅನಿಲ ಹೋದಂತೆಲ್ಲ ಬಿಳಿ ಲೋಳೆಯ ಪಿಎಚ್ (ಹುಳಿ-ಕ್ಷಾರದ ಅಳತೆ) 7.6ರ ಸುಮಾರಿನಿಂದ 9ರ ಮೇಲಕ್ಕೆ ಏರುತ್ತದೆ, ಗಟ್ಟಿ ಲೋಳೆಯ ಜಾಲ ಸಡಿಲಗೊಂಡು ನೀರಾಗುತ್ತದೆ, ಹಳದಿಯ ಪೊರೆ ಬಲ ಕಳೆದುಕೊಂಡು ಚಪ್ಪಟೆಯಾಗುತ್ತದೆ, ಮೊಂಡು ತುದಿಯ ಗಾಳಿಗೂಡು ದೊಡ್ಡದಾಗುತ್ತದೆ. ಇಲ್ಲಿ ಸಣ್ಣ ಮೊಟ್ಟೆಗೆ ನಿಜವಾದ ಒಂದು ಅನನುಕೂಲವಿದೆ: ತೂಕಕ್ಕೆ ಹೋಲಿಸಿದಾಗ ಅದರ ಹೊರಮೈ ಹೆಚ್ಚು, ಆದ್ದರಿಂದ ಒಂದೇ ಕಡೆ ಅಷ್ಟೇ ದಿನ ಇಟ್ಟರೂ ಅದು ತನ್ನ ತೂಕದ ಹೆಚ್ಚಿನ ಪಾಲನ್ನು ಕಳೆದುಕೊಳ್ಳುತ್ತದೆ. ಊರು ಕೋಳಿ ದಿನ ಬಿಟ್ಟು ದಿನ ಇಡುವುದರಿಂದ ಬುಟ್ಟಿ ತುಂಬುವವರೆಗೆ ಕಾಯುವ ರೂಢಿ ನಮ್ಮಲ್ಲಿದೆ. ಹೀಗೆ ಹಳತಾದ ಮೊಟ್ಟೆಯ ಲೋಳೆ ತೆಳುವಾಗಿದ್ದುದನ್ನು ಕಂಡವರು ಮೊಟ್ಟೆ ಸಣ್ಣದಿದ್ದುದರಿಂದಲೇ ಹಾಗಾಯಿತೆಂದು ಭಾವಿಸುವುದುಂಟು.

ವಯಸ್ಸಿನ ಬಗ್ಗೆಯೂ ಒಂದು ಮಾತು. ಎಳೆಯ ಹೇಂಟೆ ಆರಂಭದಲ್ಲಿ ಸಣ್ಣ ಮೊಟ್ಟೆ ಇಡುತ್ತದೆ, ವಯಸ್ಸಾದಂತೆ ಗಾತ್ರ ಹೆಚ್ಚುತ್ತದೆ. ಲೋಳೆಯ ಗಟ್ಟಿತನವಾದರೋ ಎಳೆಯ ಹೇಂಟೆಯಲ್ಲೇ ಅತ್ಯುತ್ತಮವಾಗಿದ್ದು ವಯಸ್ಸಿನ ಜೊತೆ ಇಳಿಯುತ್ತಾ ಹೋಗುತ್ತದೆ, ಚಿಪ್ಪೂ ಹಾಗೆಯೇ. ಹೋಂಸ್ಟೇಯವರು ಬೇರ್ಪಡಿಸಿ ಹಿಂದಿರುಗಿಸಿದ 35 ಗ್ರಾಂ ಮೊಟ್ಟೆಗಳು ಹೊಸ ಹೇಂಟೆಗಳದ್ದೇ ಆಗಿದ್ದು, ತಾಜಾ ಆಗಿಯೂ ಇದ್ದಿದ್ದರೆ, ಇಡೀ ಬುಟ್ಟಿಯಲ್ಲಿ ಅತ್ಯಂತ ಗಟ್ಟಿ ಲೋಳೆ ಅವುಗಳದ್ದೇ ಆಗಿರುವ ಸಾಧ್ಯತೆ ಹೆಚ್ಚು.

ಉತ್ತರ 2: ಹೋಂಸ್ಟೇ ನಡೆಸುವವರು, ಮಡಿಕೇರಿ

ಅಕ್ಕ, ಡಾಕ್ಟರರು ಹೇಳಿದ್ದನ್ನು ನಾನು ಒಪ್ಪುತ್ತೇನೆ. ಆದರೂ ಅಡುಗೆಮನೆಯ ಕಡೆಯಿಂದ ಒಂದೆರಡು ಮಾತು ಹೇಳಬೇಕು, ಏಕೆಂದರೆ ಕೊಳ್ಳುವವರು ದೂರುವುದೆಲ್ಲ ಅಜ್ಞಾನದಿಂದಲೇ ಎಂದು ತಿಳಿಯಬಾರದು. ಬೆಳಿಗ್ಗೆ ಎಂಟು ಜನ ಅತಿಥಿಗಳಿಗೆ ತಲಾ ಎರಡು ಮೊಟ್ಟೆಯ ಆಮ್ಲೆಟ್ ಮಾಡಬೇಕಾದಾಗ, ಒಬ್ಬರ ತಟ್ಟೆಯಲ್ಲಿ ಅಂಗೈಯಗಲದ್ದೂ ಇನ್ನೊಬ್ಬರ ತಟ್ಟೆಯಲ್ಲಿ ಅದರ ಮುಕ್ಕಾಲು ಭಾಗದ್ದೂ ಬಂದರೆ ಅತಿಥಿಗಳಿಗೆ ಸಮಾಧಾನ ಹೇಳುವವರು ನಾವೇ. ಕೇಕಿನ ಅಳತೆಗಳೂ 50 ಗ್ರಾಂಗಿಂತ ದೊಡ್ಡ ಮೊಟ್ಟೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದವು. ನಮ್ಮಲ್ಲಿ ಊರು ಕೋಳಿಯ ಮೊಟ್ಟೆಯನ್ನು ಎಣಿಸುವುದಿಲ್ಲ, ಒಡೆದು ತೂಗಿ ಬಳಸುತ್ತೇವೆ. ಆಗ ಸಣ್ಣದು ದೊಡ್ಡದು ಎಂಬ ತಕರಾರೇ ಇರುವುದಿಲ್ಲ.

ನಿಮ್ಮ ಹೋಂಸ್ಟೇಯವರಿಗೆ ಮಾತಿನಲ್ಲಿ ತಿಳಿಸಿ ಹೇಳುವುದಕ್ಕಿಂತ ಒಡೆದು ತೋರಿಸುವುದು ಒಳ್ಳೆಯದು. ಬಿಳಿಯ ಪಿಂಗಾಣಿ ತಟ್ಟೆಯ ಒಂದು ಬದಿಗೆ ನಿಮ್ಮ ಇವತ್ತಿನ ಸಣ್ಣ ಮೊಟ್ಟೆಯನ್ನೂ ಇನ್ನೊಂದು ಬದಿಗೆ ಅಂಗಡಿಯಿಂದ ತಂದ ದೊಡ್ಡ ಮೊಟ್ಟೆಯನ್ನೂ ಒಡೆಯಿರಿ. ತಾಜಾ ಮೊಟ್ಟೆಯ ಹಳದಿ ಅರ್ಧಗೋಲದಂತೆ ಎದ್ದು ನಿಲ್ಲುತ್ತದೆ. ಅದರ ಸುತ್ತ ತುಸು ಮಬ್ಬಾದ, ಅಂಚು ಸ್ಪಷ್ಟವಾಗಿ ಕಾಣುವ ಲೋಳೆಯ ಒಂದು ವಲಯ ಇರುತ್ತದೆ, ಅದರಾಚೆಗೆ ಮಾತ್ರ ಸ್ವಲ್ಪ ನೀರು ಲೋಳೆ ಹರಡುತ್ತದೆ. ಹಳದಿಯ ಎರಡು ಪಕ್ಕಗಳಲ್ಲಿ ಬಿಳಿಯ ದಾರದಂತಹ ತಿರುಚಿದ ಎಳೆಗಳು ಕಾಣುತ್ತವೆ. ಅವನ್ನು ಕಂಡು ಮರಿ ಕಟ್ಟತೊಡಗಿದೆಯೆಂದು ಹೇಸಿಕೊಳ್ಳುವವರಿದ್ದಾರೆ, ಆದರೆ ಅವು ಹಳದಿಯನ್ನು ನಡುವೆ ಹಿಡಿದಿಡುವ ಎಳೆಗಳಷ್ಟೇ, ತಾಜಾತನದ ಗುರುತು. ಹಳತಾದ ಮೊಟ್ಟೆ ಎಷ್ಟೇ ದೊಡ್ಡದಿರಲಿ, ಒಡೆದೊಡನೆ ಲೋಳೆ ತಟ್ಟೆಯ ಅಂಚಿನವರೆಗೆ ಹರಿದುಹೋಗುತ್ತದೆ, ಹಳದಿ ಮಲಗಿಬಿಡುತ್ತದೆ. ತಟ್ಟೆಯನ್ನು ಓರೆ ಮಾಡಿದರೆ ಈ ವ್ಯತ್ಯಾಸ ಇನ್ನಷ್ಟು ಚೆನ್ನಾಗಿ ಕಾಣುತ್ತದೆ.

ಬೇಯಿಸಿದ ಮೊಟ್ಟೆಯ ವಿಷಯದಲ್ಲಿ ಅತಿಥಿಗಳಿಂದ ಬರುವ ದೂರು ಬೇರೆಯೇ. ಸಿಪ್ಪೆ ಸುಲಿಯುವಾಗ ಬಿಳಿ ಭಾಗವೂ ಕಿತ್ತು ಬರುತ್ತದೆ, ಮೊಟ್ಟೆ ಸರಿಯಿಲ್ಲ ಎನ್ನುತ್ತಾರೆ. ಹಾಗೆ ಅಂಟಿಕೊಳ್ಳುವುದು ಮೊಟ್ಟೆ ತೀರ ಹೊಸದಾಗಿರುವುದರಿಂದ. ನಾಲ್ಕೈದು ದಿನ ಕಳೆದದ್ದು ಸಲೀಸಾಗಿ ಸುಲಿಯುತ್ತದೆ. ಬೇಯಿಸುವುದಕ್ಕೆ ಸ್ವಲ್ಪ ಹಳೆಯದನ್ನೂ ಬುಲ್ಸ್‌ಐ ಮಾಡುವುದಕ್ಕೆ ಅಂದಿನದನ್ನೂ ಇಟ್ಟುಕೊಂಡರೆ ಎರಡೂ ಸರಿಹೋಗುತ್ತದೆ.

ಹಳದಿಯ ಬಣ್ಣವನ್ನು ನೋಡಿ ಗುಣ ಹೇಳುವ ಅಭ್ಯಾಸ ನಮ್ಮ ಕಡೆಯೂ ಬಹಳ ಇದೆ. ಹುಲ್ಲು, ಸೊಪ್ಪು, ಮೆಕ್ಕೆಜೋಳ ತಿಂದ ಕೋಳಿಯ ಹಳದಿ ಗಾಢವಾಗಿರುತ್ತದೆ, ಬರೀ ಅಕ್ಕಿ ನುಚ್ಚು ತಿಂದದ್ದರದ್ದು ಪೇಲವವಾಗಿರುತ್ತದೆ. ಮಳೆ ಹಿಡಿದು ಕೋಳಿಗಳು ದಿನಗಟ್ಟಲೆ ಗೂಡು ಬಿಡದಿದ್ದಾಗ ನನಗೆ ಬರುವ ಮೊಟ್ಟೆಗಳ ಬಣ್ಣವೂ ಇಳಿಯುತ್ತದೆ. ನನಗಂತೂ ಗಾಢ ಬಣ್ಣವೇ ಇಷ್ಟ, ಅತಿಥಿಗಳಿಗೂ ಅಷ್ಟೇ. ಆದರೆ ಅದು ಮೇವಿನ ಬಣ್ಣ. ಪ್ರೋಟೀನಿಗೂ ಅದಕ್ಕೂ ಸಂಬಂಧವಿಲ್ಲ, ಗಾತ್ರಕ್ಕೂ ಸಂಬಂಧವಿಲ್ಲ. ಚಿಪ್ಪಿನ ಬಣ್ಣ ತಳಿಯಿಂದ ಬರುವುದು, ಅದಕ್ಕೂ ಒಳಗಿನ ಸತ್ವಕ್ಕೂ ಅಷ್ಟೂ ನಂಟಿಲ್ಲ. ಕಂದು ಚಿಪ್ಪು ಕಂಡೊಡನೆ ನಾಟಿ ಮೊಟ್ಟೆಯೆಂದು ನಂಬಿ ಹೆಚ್ಚು ಬೆಲೆ ಕೊಡುವವರು ಇರುವವರೆಗೂ ಕಂದು ಚಿಪ್ಪಿನ ಫಾರಂ ಮೊಟ್ಟೆಗೆ ಮಾರುಕಟ್ಟೆ ಇದ್ದೇ ಇರುತ್ತದೆ.

ಉತ್ತರ 3: ಮರಿ ಮಾಡಿ ಮಾರುವ ಕೃಷಿಕ, ಪೊನ್ನಂಪೇಟೆ

ಅಕ್ಕ, ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ. ಕಾವಿಗೆ ಇಡುವ ವಿಷಯಕ್ಕೆ ಬಂದಾಗ ಗಾತ್ರಕ್ಕೆ ನಿಜವಾಗಿಯೂ ಅರ್ಥವಿದೆ, ಆದರೆ ನೆರೆಯವರು ಹೇಳುವಂತೆ ಅತಿ ದೊಡ್ಡದನ್ನು ಆರಿಸುವುದಲ್ಲ, ನಿಮ್ಮ ಗುಂಪಿನ ಮಧ್ಯಮ ಗಾತ್ರದ್ದನ್ನು ಆರಿಸಬೇಕು. ತೀರ ಸಣ್ಣವನ್ನೂ ತೀರ ದೊಡ್ಡವನ್ನೂ ಬಿಟ್ಟು ನಡುವಿನವನ್ನು ಇಟ್ಟಾಗ ಮರಿಯಾಗುವ ಪ್ರಮಾಣ ಹೆಚ್ಚು ಎಂಬುದು ಹ್ಯಾಚರಿಗಳವರೂ ಒಪ್ಪಿದ ವಿಷಯ.

ಹೊರಬರುವ ಮರಿಯ ತೂಕ ಮೊಟ್ಟೆಯ ತೂಕದ ಸುಮಾರು ಮೂರನೇ ಎರಡು ಭಾಗದಷ್ಟಿರುತ್ತದೆ. 42 ಗ್ರಾಂ ಮೊಟ್ಟೆಯಿಂದ 28 ಗ್ರಾಂನ ಮರಿ, 34 ಗ್ರಾಂನದ್ದರಿಂದ 23 ಗ್ರಾಂ ಮುಟ್ಟುವುದೂ ಕಷ್ಟ. ನಮ್ಮ ಜೂನ್, ಜುಲೈ ತಿಂಗಳ ಥಂಡಿಯಲ್ಲಿ ಆ ಐದು ಗ್ರಾಂ ದೊಡ್ಡ ಮಾತೇ ಆಗುತ್ತದೆ: ಸಣ್ಣ ಮರಿ ಬೇಗ ಶೀತಕ್ಕೆ ಸಿಗುತ್ತದೆ, ತಾಯಿಯ ಹಿಂದೆ ಓಡಲಾರದೆ ಹಿಂದುಳಿಯುತ್ತದೆ, ಕಾಗೆ ಮತ್ತು ಮುಂಗುಸಿಗೆ ಮೊದಲು ಬಲಿಯಾಗುವುದೂ ಅದೇ. ಮೊದಲ ಒಂದೆರಡು ವಾರ ಕಳೆದ ಮೇಲೆ ಈ ವ್ಯತ್ಯಾಸ ಕಿರಿದಾಗುತ್ತಾ ಹೋಗುತ್ತದೆ. ಬೆಳೆದ ಕೋಳಿಯ ತೂಕವನ್ನು ತಳಿ ಮತ್ತು ಮೇವು ನಿರ್ಧರಿಸುತ್ತವೆ. ಅದೇ ಕಾರಣಕ್ಕೆ, ಹೊಸ ಹೇಂಟೆಯ ಮೊದಲ ತಿಂಗಳ ಮೊಟ್ಟೆಗಳನ್ನು ತಿನ್ನುವುದಕ್ಕೆ ಬಳಸಿ, ಕಾವಿಗೆ ಬೇಡ.

ದೊಡ್ಡದರ ತೊಂದರೆ ಬೇರೆ ಬಗೆಯದು. ಕಾವಿನ 21 ದಿನಗಳಲ್ಲಿ ಮೊಟ್ಟೆ ತನ್ನ ತೂಕದ ಸುಮಾರು 12 ಪ್ರತಿಶತವನ್ನು ನೀರಿನ ಆವಿಯಾಗಿ ಕಳೆದುಕೊಳ್ಳಬೇಕು. ಹಾಗೆ ಕಳೆದುಕೊಂಡ ಜಾಗವೇ ಗಾಳಿಗೂಡಾಗಿ ಬೆಳೆದು, ಮರಿ ಚಿಪ್ಪೊಡೆಯುವ ಮುನ್ನ ಮೊದಲ ಉಸಿರನ್ನು ಅಲ್ಲಿಂದಲೇ ಎಳೆದುಕೊಳ್ಳುತ್ತದೆ. ಡಾಕ್ಟರರು ಹೇಳಿದ ಹೊರಮೈಯ ಲೆಕ್ಕ ಇಲ್ಲಿ ತಿರುಗುಮುರುಗಾಗುತ್ತದೆ. ದೊಡ್ಡ ಮೊಟ್ಟೆಗೆ ತೂಕಕ್ಕೆ ತಕ್ಕಷ್ಟು ಹೊರಮೈ ಇಲ್ಲದ್ದರಿಂದ ನೀರು ನಿಧಾನವಾಗಿ ಹೋಗುತ್ತದೆ, ಜೊತೆಗೆ ಕೊಡಗಿನ ಮಳೆಗಾಲದಲ್ಲಿ ಗಾಳಿಯೇ ತೇವದಿಂದ ತುಂಬಿರುತ್ತದೆ. ಹಾಗಾಗಿ ಗಾಳಿಗೂಡು ಸಾಲದೆ, ಪೂರ್ತಿ ಬೆಳೆದ ಮರಿ ಚಿಪ್ಪಿನೊಳಗೇ ಉಸಿರುಗಟ್ಟಿ ಸಾಯುವುದುಂಟು. ಇನ್‌ಕ್ಯುಬೇಟರ್ ಇಟ್ಟುಕೊಂಡವರು ಜುಲೈನಲ್ಲಿ ನೀರಿನ ಟ್ರೇ ತುಂಬಿಸುವ ಮೊದಲು ಒಳಗಿನ ತೇವಾಂಶವನ್ನು ನೋಡಿಕೊಳ್ಳಬೇಕು. ಮೊದಲ 18 ದಿನ 55–60 ಪ್ರತಿಶತ ಸಾಕು, ಕೊನೆಯ ಮೂರು ದಿನ ಮಾತ್ರ ಹೆಚ್ಚು ಬೇಕು. ಊರು ಹೇಂಟೆಯ ಅಡಿಯಲ್ಲಿ ಇಡುವವರು ಅಷ್ಟೆಲ್ಲ ಚಿಂತಿಸಬೇಕಾಗಿಲ್ಲ, ಆದರೆ ಕಾವಿನ ಬುಟ್ಟಿಯನ್ನು ಒದ್ದೆ ನೆಲದ ಮೇಲೆ ಇಡದೆ ಮೇಲಕ್ಕೆತ್ತಿ ಒಣ ಹುಲ್ಲು ಹಾಸಬೇಕು.

ಗಾತ್ರಕ್ಕಿಂತ ಹೆಚ್ಚಾಗಿ ನಾನು ನೋಡುವುದು ಆಕಾರ ಮತ್ತು ಚಿಪ್ಪನ್ನು. ಒಂದು ತುದಿ ಚೂಪು, ಒಂದು ತುದಿ ಮೊಂಡು ಇರುವ ಸಹಜ ಆಕಾರವಿರಬೇಕು. ಗುಂಡಗಿರುವುದು, ಉದ್ದಕ್ಕೆ ಎಳೆದಂತಿರುವುದು, ಸುಕ್ಕುಗಟ್ಟಿದ್ದು ಬೇಡ. ಅಸಹಜವಾಗಿ ದೊಡ್ಡದಿರುವುದರಲ್ಲಿ ಎರಡು ಹಳದಿ ಇರುವ ಸಾಧ್ಯತೆ ಹೆಚ್ಚು. ಅದರಿಂದ ಬದುಕುವ ಮರಿ ಸಿಗುವುದು ತೀರ ಅಪರೂಪ. ಮೊಬೈಲಿನ ಟಾರ್ಚನ್ನು ಮೊಂಡು ತುದಿಗೆ ಒತ್ತಿ ಕತ್ತಲಲ್ಲಿ ನೋಡಿದರೆ ಕೂದಲೆಳೆಯಷ್ಟು ಬಿರುಕೂ ಬೆಳ್ಳಗೆ ಮಿಂಚಿ ಕಾಣುತ್ತದೆ. ಆರಿಸಿದ ಮೊಟ್ಟೆಗಳನ್ನು ತೊಳೆಯಬೇಡಿ, ಮೊಂಡು ತುದಿ ಮೇಲಾಗಿ ತಂಪಾದ ಜಾಗದಲ್ಲಿಡಿ, ಒಂದು ವಾರಕ್ಕಿಂತ ಹೆಚ್ಚು ಕಾಯಬೇಡಿ. ಏಳನೆಯ ದಿನ ಮತ್ತೆ ಟಾರ್ಚಿನಲ್ಲಿ ನೋಡಿದಾಗ ಕೆಂಪು ನರಗಳ ಬಲೆ ಕಾಣದಿದ್ದವನ್ನು ತೆಗೆದುಬಿಡಬಹುದು.

ಇನ್ನೊಂದು ಎಚ್ಚರಿಕೆ. ಮೊಟ್ಟೆಯ ತೂಕ ವಂಶಪಾರಂಪರ್ಯವಾಗಿ ಬಹಳ ಚೆನ್ನಾಗಿ ಇಳಿದುಬರುವ ಗುಣ, ಆದ್ದರಿಂದ ಪ್ರತಿ ಬಾರಿ ದೊಡ್ಡದನ್ನೇ ಆರಿಸಿ ಕಾವಿಗಿಟ್ಟರೆ ಕೆಲವೇ ತಲೆಮಾರುಗಳಲ್ಲಿ ಗಾತ್ರ ಹೆಚ್ಚುತ್ತದೆ. ಅದರ ಜೊತೆಗೆ ಮೊಟ್ಟೆಯ ಸಂಖ್ಯೆ ಇಳಿಯುವ ಪ್ರವೃತ್ತಿಯೂ ಇದೆ. ನಿಮ್ಮಲ್ಲಿ ದೊಡ್ಡ ಮೊಟ್ಟೆಗಳೆಲ್ಲ ಗಿರಿರಾಜದ ಮಿಶ್ರಣದವು. ಗಿರಿರಾಜ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ, ಹಿತ್ತಲಿನಲ್ಲಿ ಸಾಕುವುದಕ್ಕೆ ಒಳ್ಳೆಯ ತಳಿ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕಾವಿಗೆ ಕೂರುವ ಗುಣ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ದೊಡ್ಡದನ್ನೇ ಆರಿಸುತ್ತಾ ಹೋದರೆ ಅತ್ತೆಯವರ ಕಾಲದಿಂದ ಬಂದ, ತಾನೇ ಕಾವು ಕೊಟ್ಟು ಮರಿಗಳನ್ನು ಹದ್ದಿನಿಂದ ಕಾಯುವ ಹೇಂಟೆಗಳ ರಕ್ತವೇ ಗುಂಪಿನಿಂದ ತೊಳೆದುಹೋಗುತ್ತದೆ. ಊರು ಹೇಂಟೆಗಳ 40–44 ಗ್ರಾಂನವನ್ನು ಬೇರೆಯಾಗಿ ಗುರುತಿಸಿ ಇಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ತಟ್ಟೆಯಲ್ಲಿ ಒಡೆದು ತೋರಿಸುವ ಉಪಾಯ ಹೋಂಸ್ಟೇಯವರ ಮುಂದೆ ಪ್ರಯೋಜನಕ್ಕೆ ಬರಬಹುದು. ಡಾಕ್ಟರೇ, ನಿಮ್ಮಲ್ಲಿ ಇನ್ನೆರಡು ವಿಷಯ ಕೇಳಬೇಕು. ಮಿಶ್ರ ತಳಿಯ ಹಳೆಯ ಹೇಂಟೆಯೊಂದು ನಮ್ಮಲ್ಲೇ ಅತಿ ದೊಡ್ಡ ಮೊಟ್ಟೆ ಇಡುತ್ತದೆ. ಮಳೆ ಶುರುವಾದ ಮೇಲೆ ಅದರ ಚಿಪ್ಪು ಕೈಯಲ್ಲಿ ಹಿಡಿದರೆ ಒಡೆಯುವಷ್ಟು ತೆಳುವಾಗುತ್ತದೆ, ಸಣ್ಣ ಮೊಟ್ಟೆಗಳಿಗೆ ಹಾಗಾಗುವುದಿಲ್ಲ. ಇದಕ್ಕೇನು ಕಾರಣ? ಎಲ್ಲ ಗಾತ್ರಕ್ಕೂ ಒಂದೇ ಬೆಲೆ ಹಾಕುವುದು ನ್ಯಾಯವೇ ಎಂಬುದನ್ನೂ ತಿಳಿಸಿ.

ಉತ್ತರ 1ರ ಪಶುವೈದ್ಯರು ಮತ್ತೆ

ಗಾತ್ರಕ್ಕೂ ಗುಣಕ್ಕೂ ಇರುವ ಕೊಂಡಿಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಇದೇ. ಮೊಟ್ಟೆ ರೂಪುಗೊಳ್ಳುವ ಸುಮಾರು 25 ಗಂಟೆಗಳಲ್ಲಿ 20 ಗಂಟೆಯಷ್ಟು ಕಾಲ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ, ಅದರಲ್ಲಿ ಹೆಚ್ಚಿನದು ರಾತ್ರಿ ಕೋಳಿ ಗೂಡಿನಲ್ಲಿ ಕೂತಿರುವಾಗ ನಡೆಯುತ್ತದೆ. ಹೇಂಟೆ ಒಂದು ಮೊಟ್ಟೆಗೆ ಒದಗಿಸುವ ಚಿಪ್ಪಿನ ಪ್ರಮಾಣ ವಯಸ್ಸಾದಂತೆ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಆದರೆ ಮೊಟ್ಟೆಯ ಗಾತ್ರ ಹೆಚ್ಚುತ್ತದೆ. ಅಷ್ಟೇ ಸುಣ್ಣವನ್ನು ಹೆಚ್ಚು ಅಗಲಕ್ಕೆ ಹರಡಬೇಕಾದುದರಿಂದ ಚಿಪ್ಪು ತೆಳುವಾಗುತ್ತದೆ. ನಿಮ್ಮ ಹೇಂಟೆಯಲ್ಲಿ ವಯಸ್ಸೂ ಗಾತ್ರವೂ ಎರಡೂ ಕೂಡಿವೆ.

ಮೇವಿನ ಕೊರತೆಯೂ ಇದರೊಂದಿಗೆ ಸೇರುತ್ತದೆ. 55 ಗ್ರಾಂನ ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, 40 ಗ್ರಾಂನದ್ದಕ್ಕೆ ಒಂದೂವರೆ ಗ್ರಾಂ. ನುಚ್ಚಕ್ಕಿಯಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ತೌಡಿನಲ್ಲಿರುವ ಫೈಟೇಟ್ ಎಂಬ ಅಂಶ ಸಿಕ್ಕಿದ ಅಷ್ಟಿಷ್ಟನ್ನೂ ಕಟ್ಟಿಹಾಕುತ್ತದೆ. ಬೇಸಿಗೆಯಲ್ಲಿ ಕೋಳಿ ಬಸವನಹುಳು, ಕೀಟ, ಕಲ್ಲುಚೂರು, ಸೊಪ್ಪು ಎಂದು ಹತ್ತು ಕಡೆಯಿಂದ ಹೊಂದಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಅದು ಹೊರಗೆ ಹೋಗುವುದೇ ಕಡಿಮೆ, ಬಿಸಿಲಿಲ್ಲದೆ ಡಿ ಜೀವಸತ್ವವೂ ಮೈಯಲ್ಲಿ ಸಾಕಷ್ಟು ತಯಾರಾಗುವುದಿಲ್ಲ. ಅಲ್ಲದೆ ನಮ್ಮ ಮಣ್ಣಿನ ಸುಣ್ಣದಂಶವನ್ನು ಮಳೆ ವರ್ಷವರ್ಷವೂ ತೊಳೆದೊಯ್ಯುವುದರಿಂದಲೇ ಹುಳಿ ತಗ್ಗಿಸಲು ಕಾಫಿ ಗಿಡಗಳಿಗೆ ನಾವು ಸುಣ್ಣ ಹಾಕುತ್ತೇವಲ್ಲವೇ? ಆ ಮಣ್ಣನ್ನು ಕೆದಕಿ ತಿನ್ನುವ ಕೋಳಿಗೂ ಅದರಿಂದ ಹೆಚ್ಚೇನೂ ಸಿಗದು.

ಪರಿಹಾರ ಸುಲಭ. ಕೋಳಿ ಆಹಾರದ ಅಂಗಡಿಯಲ್ಲಿ ಸಿಗುವ ಕಪ್ಪೆಚಿಪ್ಪಿನ ತರಿಯನ್ನು ಬೇರೆ ಬಟ್ಟಲಿನಲ್ಲಿ ಸಂಜೆಯ ಹೊತ್ತು ಇಡಿ. ಮೇವಿನಲ್ಲಿ ಬೆರೆಸುವುದು ಬೇಡ. ಬೇಕಾದ ಹೇಂಟೆ ಬೇಕಾದಷ್ಟನ್ನು ತಾನೇ ಹೆಕ್ಕಿಕೊಳ್ಳುತ್ತದೆ, ಹುಂಜ ಮತ್ತು ಮರಿಗಳು ಅದರ ಗೋಜಿಗೆ ಹೋಗುವುದಿಲ್ಲ. ಮನೆಯ ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಣಗಿಸಿ, ತರಿತರಿಯಾಗಿ ಕುಟ್ಟಿ ಕೊಡಬಹುದು. ಚಿಪ್ಪಿನ ಆಕಾರ ಗುರುತು ಸಿಗದಂತೆ ಕುಟ್ಟಬೇಕು, ಇಲ್ಲವಾದರೆ ಕೆಲವು ಕೋಳಿಗಳು ಗೂಡಿನಲ್ಲಿಟ್ಟ ಮೊಟ್ಟೆಯನ್ನೇ ಕುಕ್ಕಲು ಕಲಿಯುತ್ತವೆ. ಸುಟ್ಟ ಸುಣ್ಣವನ್ನಾಗಲಿ, ವೀಳ್ಯಕ್ಕೆ ಬಳಸುವ ಸುಣ್ಣವನ್ನಾಗಲಿ ನೇರವಾಗಿ ಹಾಕಬಾರದು, ಬಾಯಿ ಗಂಟಲು ಸುಡುತ್ತದೆ. ಇಷ್ಟು ಮಾಡಿಯೂ ಒಂದೇ ಹೇಂಟೆಯಲ್ಲದೆ ಹಲವು ಹೇಂಟೆಗಳು ಒಟ್ಟಿಗೆ ತೆಳು ಚಿಪ್ಪಿನ, ಸುಕ್ಕುಗಟ್ಟಿದ, ನೀರು ಲೋಳೆಯ ಮೊಟ್ಟೆ ಇಡತೊಡಗಿದರೆ ಅದು ಗಾತ್ರದ ಪ್ರಶ್ನೆಯಲ್ಲ. ಕೊಕ್ಕರೆ ರೋಗ (ರಾಣಿಖೇತ್) ಅಥವಾ ಉಸಿರಾಟದ ಸೋಂಕಿನ ಲಕ್ಷಣವಿರಬಹುದು, ಹತ್ತಿರದ ಪಶು ಆಸ್ಪತ್ರೆಯಲ್ಲಿ ತೋರಿಸಬೇಕು.

ಯಾರೂ ಕೇಳದಿದ್ದರೂ ತೋಟದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ತಿನ್ನುವವರ ಪಾಲಿಗೆ ಮೊಟ್ಟೆಯ ಗಾತ್ರಕ್ಕಿಂತ ಎಷ್ಟೋ ದೊಡ್ಡ ವಿಷಯ, ಕೋಳಿ ಎಲ್ಲಿ ಮೇಯಿತು ಎಂಬುದು. ಕೊಬ್ಬಿನಲ್ಲಿ ಕರಗುವ ಕೀಟನಾಶಕದ ಅಂಶ ಕೋಳಿಯ ಮೈಗೆ ಹೋದರೆ ಹಳದಿಯಲ್ಲಿ ಬಂದು ಸೇರುತ್ತದೆ. ಕಾಂಡಕೊರಕಕ್ಕೋ ಹಿಟ್ಟುತಿಗಣೆಗೋ ಔಷಧ ಹೊಡೆದ ಬ್ಲಾಕಿಗೆ ಕೋಳಿಗಳನ್ನು ಬಿಡಬೇಡಿ, ಬೋರ್ಡೋ ದ್ರಾವಣ (ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಕಲಸಿದ ಪೀಪಾಯಿಯ ಸುತ್ತ ನಿಂತ ನೀರನ್ನು ಕುಡಿಯಲು ಬಿಡಬೇಡಿ.

ಬೆಲೆಯ ವಿಷಯದಲ್ಲಿ ಹೋಂಸ್ಟೇಯವರ ಆಕ್ಷೇಪಕ್ಕೆ ಅರ್ಥವಿದೆಯೆಂದೇ ನನ್ನ ಅಭಿಪ್ರಾಯ. 40 ಗ್ರಾಂನ ಒಂದು ಡಜನ್ 480 ಗ್ರಾಂ ತೂಗುತ್ತದೆ, 52 ಗ್ರಾಂನದ್ದು 624 ಗ್ರಾಂ. ಒಂದೇ ಬೆಲೆಗೆ ಒಬ್ಬರಿಗೆ ಅದು, ಇನ್ನೊಬ್ಬರಿಗೆ ಇದು ಸಿಕ್ಕಿದರೆ ಕೇಳದೆ ಇರುತ್ತಾರೆಯೇ? ಸಣ್ಣದು ಸತ್ವವಿಲ್ಲದ್ದು ಎಂಬ ಮಾತನ್ನು ಒಪ್ಪದೆಯೇ, ತೂಕದ ಮೇಲೆ ಬೆಲೆ ನಿಗದಿ ಮಾಡಿಕೊಳ್ಳುವುದು ಇಬ್ಬರಿಗೂ ಸರಿ. ಅದು ತೊಡಕೆನಿಸಿದರೆ ಊರು ಹೇಂಟೆಗಳದ್ದು ಒಂದು ಬುಟ್ಟಿ, ಮಿಶ್ರ ತಳಿಯದ್ದು ಒಂದು ಬುಟ್ಟಿ ಎಂದು ವಿಂಗಡಿಸಿ ಎರಡು ದರ ಇಡಿ. ಹೊಸ ಹೇಂಟೆಗಳ 35 ಗ್ರಾಂನವನ್ನು ಒಂದೆರಡು ತಿಂಗಳು ಮನೆಗೇ ಬಳಸಿಕೊಳ್ಳಿ, ಅಷ್ಟರಲ್ಲಿ ಗಾತ್ರ ತಾನಾಗಿಯೇ ಏರುತ್ತದೆ. ಮಾರುವ ಪ್ರತಿ ಮೊಟ್ಟೆಯ ಮೇಲೂ ಇಟ್ಟ ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆದು ಕೊಡಿ. ಮಾರ್ಕರ್ ಪೆನ್ನು ಬೇಡ, ಅದರ ಶಾಯಿ ರಂಧ್ರಗಳ ಮೂಲಕ ಒಳಗೆ ಇಳಿಯಬಹುದು.